‘ನಾನು ಎಲ್ಲರದ್ದೂ, ಬೀಗ ಮಾತ್ರ ಅವರದ್ದು’

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ತಾರಸಿಯನ್ನು ಮಾತಾಡಿಸಲು ಹೋದರೆ ಬಾಗಿಲಿಗೆ ಎರಡು ಬೀಗ. ಒಂದು ಅಸೋಸಿಯೇಷನ್ನಿನದು, ಇನ್ನೊಂದು ಮೇಲ್ಮಹಡಿಯ 401ರವರದು. ಟ್ಯಾಂಕ್ ತೊಳೆಯಲು ಬಂದ ಹುಡುಗರ ಹಿಂದೆಯೇ ನುಸುಳಿ ನಡೆಸಿದ ಸಂದರ್ಶನ ಇದು.

ಪ್ರಶ್ನೆ: ನಮಸ್ಕಾರ. ತಾವು ಯಾರ ಸ್ವತ್ತು?

ತಾರಸಿ: ಯಾವ ತಿಂಗಳು ಅಂತ ನೋಡಿ ಹೇಳಬೇಕು ಸ್ವಾಮಿ. ಆಷಾಢದಲ್ಲಿ ನಾನು ಸೋರಿದರೆ ‘ಅದು ಮೇಲಿನವರ ತಲೆನೋವು’ ಅಂತ ಕೆಳಗಿನವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ವಾಟರ್‌ಪ್ರೂಫಿಂಗ್‌ಗೆ ದುಡ್ಡು ಕೇಳಿದರೆ ವಾಟ್ಸಾಪ್ ಗ್ರೂಪಿನಲ್ಲಿ ಸ್ಮಶಾನಮೌನ. ಮೊನ್ನೆ ಮೊಬೈಲ್ ಟವರಿನವರು ಬಾಡಿಗೆ ಮಾತಾಡಲು ಬಂದರು ನೋಡಿ, ಮಂಡಿನೋವಿನ 102ರ ಅಜ್ಜಿ ಕೂಡ ಹತ್ತಿ ಬಂದು ‘ನಮ್ಮ ಪಾಲಿಗೆ ಎಷ್ಟು ಬರತ್ತಪ್ಪ?’ ಅಂದರು.

ಪ್ರಶ್ನೆ: ಕಾನೂನು ಸ್ಪಷ್ಟವಾಗಿಲ್ಲವೇ?

ತಾರಸಿ: ಕಾನೂನಿಗೇನು ಕಮ್ಮಿ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅಡಿಪಾಯ, ಕಂಬ, ಮೆಟ್ಟಿಲುಗಳ ಸಾಲಿನಲ್ಲೇ ಚಾವಣಿಯನ್ನೂ ಕೂರಿಸಿದೆ. ಡೀಡ್ ಆಫ್ ಡಿಕ್ಲರೇಷನ್ನಿನಲ್ಲಿ ಬೇರೆ ಥರ ಬರೆಯದಿದ್ದರೆ ನಾನು ಎಲ್ಲರದ್ದೂ. ಪಾಲು ಮಾಡಿಕೊಡಿ ಅಂತ ದಾವೆ ಹೂಡುವಂತಿಲ್ಲ. ಇನ್ನೊಬ್ಬರ ಹಕ್ಕಿಗೆ ಅಡ್ಡಿಯಾಗದಂತೆ ಯಾರು ಬೇಕಾದರೂ ಬಳಸಬಹುದು. 2016ರ ರೇರಾ ಕಾಯ್ದೆಯಂತೂ ಸಾಮಾನ್ಯ ಜಾಗಗಳ ಪಟ್ಟಿಯಲ್ಲಿ ನನ್ನ ಹೆಸರು ಹಿಡಿದೇ ಬರೆದಿದೆ.

ಪ್ರಶ್ನೆ: ಆ ಡಿಕ್ಲರೇಷನ್ನಿನಲ್ಲಿ ಏನಿದೆ?

ತಾರಸಿ: ಅದು ಬಿಲ್ಡರ್ ಹತ್ತಿರ ಇದೆ. ಬಿಲ್ಡರ್ ಫೋನ್ ಎತ್ತಲ್ಲ.

ಪ್ರಶ್ನೆ: ಹಾಗಾದರೆ 401ರವರ ಬೀಗ ಹೇಗೆ ಬಂತು?

ತಾರಸಿ: ಅವರ ಕ್ರಯಪತ್ರದಲ್ಲಿ ‘ಟೆರೇಸ್ ರೈಟ್ಸ್’ ಅಂತ ಒಂದು ಸಾಲಿದೆ. ಅದಕ್ಕೆ ಬಿಲ್ಡರ್ ಬೇರೆಯೇ ದುಡ್ಡು ಇಸ್ಕೊಂಡಿದ್ದಾನೆ. ಉಳಿದ 15 ಮನೆಯವರ ಪಾಲನ್ನು ಅವರಿಗೇ ಗೊತ್ತಿಲ್ಲದಂತೆ ಮಾರಿದ ಜಾಣ! ಈಗ ಅಲ್ಲಿ ನೋಡಿ: ಆರು ಕುಂಡದಲ್ಲಿ ದಾಸವಾಳ, ಒಂದು ಉಯ್ಯಾಲೆ, ನಾಯಿಗೊಂದು ಮನೆ. 302ರವರು ಅಕ್ಕಿ ಸಂಡಿಗೆ ಹಾಕಲು ಬಂದರೆ ‘ಪ್ರೈವೇಟ್ ಪ್ರಾಪರ್ಟಿ’ ಅಂತ ಬೋರ್ಡು. ಅವರೀಗ ಸಂಡಿಗೆಯನ್ನು ಕಾರಿನ ಬಾನೆಟ್ ಮೇಲೆ ಒಣಗಿಸುತ್ತಾರೆ.

ಪ್ರಶ್ನೆ: ಕೆಳಗಿನ ಪಾರ್ಕಿಂಗ್ ಜಾಗ ನಿಮಗಿಂತ ಅದೃಷ್ಟವಂತನೇ?

ತಾರಸಿ: ಸ್ಟಿಲ್ಟ್ ಪಾರ್ಕಿಂಗನ್ನು ಫ್ಲ್ಯಾಟಿನ ಹಾಗೆ ಪ್ರತ್ಯೇಕವಾಗಿ ಮಾರುವಂತಿಲ್ಲ ಅಂತ 2010ರಲ್ಲೇ ಮುಂಬೈಯ ಒಂದು ಸೊಸೈಟಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ನಮ್ಮವರು ಮಾರುವುದನ್ನು ಬಿಟ್ಟರು. ಈಗ ‘ಅಲಾಟ್’ ಮಾಡುತ್ತಾರೆ. ರೇಟು ಅದೇ.

ಪ್ರಶ್ನೆ: ತಮ್ಮ ಕುಟುಂಬದ ಬಗ್ಗೆ ಸ್ವಲ್ಪ...

ತಾರಸಿ: ಅಣ್ಣ ಒಬ್ಬನಿದ್ದಾನೆ. ನಕ್ಷೆ ಮಂಜೂರಾಗಿದ್ದು ಮೂರು ಮಹಡಿಗೆ, ಅವನೇ ಅಸಲಿ ತಾರಸಿ. ಕ್ಯೂರಿಂಗ್ ನೀರು ಆರುವ ಮೊದಲೇ ಅವನ ಮೇಲೆ ಪಿಲ್ಲರ್ ಎದ್ದವು. ಈಗ ಅವನು 401ರ ಹಾಲ್‌ನ ನೆಲ. ಮೈಮೇಲೆ ವಿಟ್ರಿಫೈಡ್ ಟೈಲ್ಸ್, ಸೋಫಾ, ಇಡೀ ದಿನ ಧಾರಾವಾಹಿ. ಆಕಾಶ ನೋಡದೆ ವರ್ಷಗಳಾದವು ಪಾಪ. ಅಕ್ರಮ-ಸಕ್ರಮ ಯೋಜನೆ ಬರುತ್ತೆ, ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳೋಣ ಅಂತ ಎಲ್ಲರೂ ಕಾದರು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಪ್ರಶ್ನೆ: ಅಂದರೆ ಕಟ್ಟಡಕ್ಕೆ ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲ?

ತಾರಸಿ: ಮೆತ್ತಗೆ ಮಾತಾಡಿ! ಓಸಿ ತೋರಿಸದೆ ಕರೆಂಟು, ನೀರಿನ ಕನೆಕ್ಷನ್ ಕೊಡಬೇಡಿ ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಂದಾಗಿನಿಂದ ಇಲ್ಲಿ ಆ ಎರಡಕ್ಷರ ಎತ್ತುವ ಹಾಗಿಲ್ಲ. ನಮ್ಮದು ಹಳೇ ಕನೆಕ್ಷನ್, ಬಚಾವು. ಇಷ್ಟಾದರೂ ಕಳೆದ ಜನರಲ್ ಬಾಡಿ ಮೀಟಿಂಗಿನಲ್ಲಿ ಎರಡು ಗಂಟೆ ಚರ್ಚೆಯಾಗಿದ್ದು ಏನು ಗೊತ್ತೇ? ಬಾಡಿಗೆಗಿರುವ ಬ್ಯಾಚುಲರ್ ಹುಡುಗರು ಲಿಫ್ಟ್ ಬಳಸಬಹುದೋ ಬೇಡವೋ ಅಂತ. ಇಡೀ ಮಹಡಿಗೇ ಪರವಾನಗಿ ಇಲ್ಲ, ಹುಡುಗರ ಲಿಫ್ಟಿಗೆ ನಿಯಮ!

ಪ್ರಶ್ನೆ: ಒಂದು ಫೋಟೊ ತೆಗೆದುಕೊಳ್ಳಲೇ?

ತಾರಸಿ: ಧಾರಾಳವಾಗಿ. 16 ಮನೆಯವರ ಎನ್‌ಓಸಿ ತನ್ನಿ. ಇಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ, ಒಬ್ಬರು ಉಳಿದ 15 ಜನರ ಮೇಲೂ ಕೇಸು ಹಾಕಿದ್ದಾರೆ. 203ರವರು ಮಾತ್ರ ತಕ್ಷಣ ಸಹಿ ಹಾಕುತ್ತಾರೆ, ಅವರು ಬಾಡಿಗೆಯವರು.