ಡಿಫಾಲ್ಟ್ ಗೇಟ್‌ವೇ ಸಾಹೇಬರಿಗೆ ಬಹಿರಂಗ ಪತ್ರ

ಮೊದಲನೇ ಕಚೇರಿಯ ರೌಟರ್ ಸಾಹೇಬರ ಸನ್ನಿಧಿಗೆ,

ತಮ್ಮ ಹಸಿರು ದೀಪ ಹಗಲಿರುಳು ಮಿಣುಕುತ್ತಿರುವುದು ಸಂತೋಷದ ಸಂಗತಿ. ಆದರೂ ಉತಾರ ಕೇಳಲು ಪಕ್ಕದ ಎರಡನೇ ಕಚೇರಿಯ ಕಿಟಕಿಗೆ ಬಂದ ರೈತನಿಗೆ ಸಿಗುವುದು ಒಂದೇ ಮಾತು: ‘ಸರ್ವರ್ ಇಲ್ರೀ, ನಾಳೆ ಬರ್ರಿ.’ ಸರ್ವರ್ ಪಾಪ, ಎಷ್ಟೋ ಸಲ ಎದ್ದೇ ಕೂತಿರುತ್ತದೆ.

ನಮ್ಮ ಅಣ್ಣಿಗೇರಿ ತಾಲ್ಲೂಕಾಗುವುದೆಂದು 2017ರ ರಾಜ್ಯ ಬಜೆಟ್ ಸಾರಿತು. ಹೊಸ ತಾಲ್ಲೂಕು ಎಲ್ಲೇ ಆಗಲಿ, ಮೊದಲು ಬೋರ್ಡು ಬರುತ್ತದೆ, ಆಮೇಲೆ ಕುರ್ಚಿ. ಇಂಟರ್ನೆಟ್ಟಿಗೆ ಪಕ್ಕದ ಕಚೇರಿಯಿಂದ ಒಂದು ಕೇಬಲ್ ಎಳೆದು, ನಡುವೆ ಇನ್ನೊಂದು ರೌಟರ್ ಕೂರಿಸಿದರಾಯಿತು ಎಂಬುದು ಎಲ್ಲರ ದೃಢವಾದ ನಂಬಿಕೆ.

ತಮ್ಮದು ಆವಕ-ಜಾವಕ ಗುಮಾಸ್ತನ ಕೆಲಸ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿ 3ರಂದು ಖಾಲಿಯಾಯಿತು. ಈ ಬರ ಬರುತ್ತದೆಂದು ಬಲ್ಲವರು 1994ರಲ್ಲೇ ನ್ಯಾಟ್ ಎಂಬ ಉಪಾಯ ಬರೆದಿಟ್ಟಿದ್ದರು. ಒಳಗೆ ಕಂಪ್ಯೂಟರ್ ಎಷ್ಟೇ ಇರಲಿ, ಹೊರಗೆ ತಮ್ಮದೊಂದೇ ವಿಳಾಸ; ಯಾರ ಕಾಗದ ಹೋಯಿತೆಂದು ತಾವು ಬರೆದಿಟ್ಟುಕೊಂಡು, ಉತ್ತರ ಬಂದಾಗ ಅವರಿಗೇ ಮುಟ್ಟಿಸಬೇಕು.

ಎರಡನೇ ಕಚೇರಿಯ ಕಾಗದವನ್ನೂ ತಾವು ಜಾವಕ ಮಾಡುತ್ತೀರಿ. ಉತ್ತರವೂ ಬರುತ್ತದೆ. ಆದರೆ 192.168.2 ಸಾಲಿನ ವಿಳಾಸದ ಆ ಕಚೇರಿಯವರು ಎಲ್ಲಿದ್ದಾರೆಂದು ತಮಗೆ ಯಾರೂ ಹೇಳಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಹೊರಗೆ ನೂಕುವುದು ತಮ್ಮ ನಿಯಮ; ಗೋಡೆಯಾಚೆಗಿನ ಕೋಣೆಗೆ ಬಂದ ಉತ್ತರವನ್ನೂ ಬೀದಿಗೇ ಅಟ್ಟುತ್ತೀರಿ. ಇಂಥ ಖಾಸಗಿ ವಿಳಾಸಕ್ಕೆ ಹೊರಗೆ ಬೆಲೆಯಿಲ್ಲ, ಕಾಗದ ಅಲ್ಲೇ ಸಾಯುತ್ತದೆ. ಪಂಪನ ತಮ್ಮ ಜಿನವಲ್ಲಭ ಹತ್ತನೇ ಶತಮಾನದಲ್ಲಿ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಶಾಸನ ಕೆತ್ತಿಸುವಾಗ ತಾಯಿಯ ಕಡೆಯ ಅಣ್ಣಿಗೇರಿಯನ್ನು ಮರೆಯಲಿಲ್ಲ. ತಮಗೆ ಪಕ್ಕದ ಕೋಣೆ ನೆನಪಿಲ್ಲ!

ಬೇಕಿರುವುದು ಒಂದೇ ಸಾಲಿನ ಆದೇಶ: ‘192.168.2ರವರ ಕಾಗದ ಬಂದರೆ ನಡುವಿನ ರೌಟರ್ ಕೈಗೆ ಕೊಡತಕ್ಕದ್ದು.’ ಇದನ್ನು ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಅದರ ಬದಲು ಜಾಣರು ನಡುವಿನ ರೌಟರ್‌ನಲ್ಲೂ ನ್ಯಾಟ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇಂಟರ್ನೆಟ್ ಓಡುತ್ತದೆ, ನಿಜ. ಮೊದಲನೇ ಕಚೇರಿಯವರಿಗೆ ಎರಡನೆಯದರ ಪ್ರಿಂಟರ್ ಮಾತ್ರ ಕಾಣದಾಗುತ್ತದೆ. ಆಗ ಪೆನ್‌ಡ್ರೈವ್ ಹಿಡಿದು ಜವಾನ ಓಡುತ್ತಾನೆ. ಎರಡೂ ಕಚೇರಿಗೆ 192.168.1 ಅನ್ನೇ ಇಟ್ಟ ಮಹನೀಯರೂ ಇದ್ದಾರೆ. ಅವರ ಕಂಪ್ಯೂಟರುಗಳು ಆಚೆಯವರನ್ನು ತಮ್ಮ ಕೋಣೆಯಲ್ಲೇ ಹುಡುಕುತ್ತ ಕೂತಿರುತ್ತವೆ.

ಇತಿ ತಮ್ಮ ವಿಧೇಯ,
192.168.2.14

ವಿ.ಸೂ.: ತಮ್ಮ ಪಾಸ್‌ವರ್ಡ್ ಗೊತ್ತಿದ್ದವನು ಬಿಲ್ ಪಾಸಾದ ದಿನವೇ ಹುಬ್ಬಳ್ಳಿ ರೈಲು ಹತ್ತಿದ್ದಾನೆ. ಫೋನ್ ಎತ್ತುತ್ತಿಲ್ಲ.