ನಷ್ಟ ಮಾತ್ರ ಸ್ವಂತದ್ದು

ದರ್ಶಿನಿಯಲ್ಲಿ ಇಡ್ಲಿ ಮುರಿಯುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರಿಗೆ ಮಗನ ಬಿಟ್‌ಕಾಯಿನ್ ಚಿಂತೆ. ಪಕ್ಕದಲ್ಲೇ ಆಡಿಟರು ಕಾಫಿ ಹೀರುತ್ತಿದ್ದರು.

"ಅದು ಕಾನೂನುಬಾಹಿರವೇನ್ರೀ?"

"ಹಾಗಂತ ಯಾರೂ ಹೇಳಿಲ್ಲ, ಸಾರ್."

"ಹಾಗಾದ್ರೆ ಸಕ್ರಮ?"

"ಹಾಗಂತಲೂ ಯಾರೂ ಹೇಳಿಲ್ಲ. ಆ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ 2018ರಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸ್ತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು."

"ಆಗ ಬೆಂಗಳೂರಿನ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಿದ್ರಲ್ಲ?"

"ಅದೂ 2018ರಲ್ಲೇ. ಪೊಲೀಸರು ಯಂತ್ರವನ್ನೇ ಜಪ್ತಿ ಮಾಡಿದ್ರು."

"ಪಾಪ, ಹಣ ತೆಗೆಯೋಕೆ ಬಂದವರು ಎಟಿಎಂನೇ ತೆಗೆದುಕೊಂಡು ಹೋದ್ರು!"

ಆಡಿಟರು ನಗಲಿಲ್ಲ, ತೆರಿಗೆಯ ಮಾತು ಇನ್ನೂ ಬಾಕಿ ಇತ್ತು. "2022ರಿಂದ ಲಾಭದ ಮೇಲೆ ಶೇ 30, ಸೆಸ್ಸು ಬೇರೆ. ಮಾರಿದರೆ ಶೇ 1 ಟಿಡಿಎಸ್."

"ನಷ್ಟವಾದರೆ?"

"ಅದು ನಿಮ್ಮ ಮಗನ ಸ್ವಂತದ್ದು. ಒಂದು ಕಾಯಿನ್ನಿನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ."

"ಅಂದ್ರೆ ಲಾಭಕ್ಕೆ ಕೂಡುಕುಟುಂಬ, ನಷ್ಟಕ್ಕೆ ಬೇರೆ ಒಲೆ."

"ಅದೇ 2022ರಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್, ಇದರ ಹಿಂದೆ ಯಾವ ಮೌಲ್ಯವೂ ಇಲ್ಲ, ಒಂದು ಟುಲಿಪ್ ಹೂವೂ ಇಲ್ಲ ಅಂದಿದ್ರು."

ಮೇಷ್ಟ್ರು ಬೆರಳನ್ನು ಸಾಂಬಾರಿನಲ್ಲಿ ಅದ್ದಿ ತಟ್ಟೆಯ ಅಂಚಿನಲ್ಲಿ ಲೆಕ್ಕ ಬರೆದರು. "ಸೊನ್ನೆಯ ಶೇ 30... ಎಷ್ಟು ಸಲ ಮಾಡಿದರೂ ಸೊನ್ನೆನೇ ಬರ್ತಿದೆಯಲ್ರೀ."

"ಇಲಾಖೆಗೆ ಹಾಗೆ ಬರಲ್ಲ, ಸಾರ್."

"ಒಟ್ಟಿನಲ್ಲಿ ಸರ್ಕಾರ ಒಪ್ಪಿದೆಯೋ ಇಲ್ಲವೋ?"

"ಒಪ್ಪಿಲ್ಲ. ಆದ್ರೆ ತೆರಿಗೆ ರಿಟರ್ನಿನಲ್ಲಿ ಅದಕ್ಕೆ ಪ್ರತ್ಯೇಕ ಪಟ್ಟಿ ಕೊಟ್ಟಿದೆ. 2022ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ತನ್ನದೇ ಡಿಜಿಟಲ್ ಹಣ ಇ-ರುಪಾಯಿಯನ್ನ ಪ್ರಯೋಗಕ್ಕೆ ಬಿಡ್ತು, ಬೆಂಗಳೂರಿನಲ್ಲೂ."

ಅಷ್ಟರಲ್ಲಿ ಕ್ಯಾಷಿಯರು ಕೂಗಿದ: "ಸಾರ್, ಇ-ಗಿ ಆಮೇಲೆ. ನೆಟ್‌ವರ್ಕ್ ಇಲ್ಲ, ಚಿಲ್ಲರೆ ಕೊಡಿ!"