ಕಣ್ಣು ಅದುರಿದರೆ ಪಂಚಾಂಗ, ಮಂಜಾದರೆ ಬಲ್ಬಿನ ತಪ್ಪು

ನಮ್ಮ ವಿಜಯಪುರ ಜಿಲ್ಲೆಯವರಿಗೆ ಕಣ್ಣಿನ ಕಾಳಜಿ ಇಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಎಡಗಣ್ಣು ಒಂದು ಸಲ ಪಟಪಟ ಅದುರಲಿ ನೋಡಿ, ಇಂಡಿಯಿಂದ ಮುದ್ದೇಬಿಹಾಳದವರೆಗೆ ಬೀಗರಿಗೆಲ್ಲ ಫೋನು ಹೋಗುತ್ತದೆ. ಗಂಡಸಿಗೆ ಯಾವ ಕಣ್ಣು ಒಳ್ಳೇದು, ಹೆಂಗಸಿಗೆ ಯಾವುದು ಕೆಟ್ಟದ್ದು ಎಂದು ಅರ್ಧ ದಿನ ಚರ್ಚೆ. ‘ನಿದ್ದಿ ಕಡಿಮಿ ಆಗೈತಿ, ಚಹಾ ಜಾಸ್ತಿ ಆಗೈತಿ, ಎರಡು ದಿನ ನೆಟ್ಟಗ ಮಲ್ಕೋ’ ಎಂದು ನೋಡಿ, ಮುಖ ಗಂಟಾಗುತ್ತದೆ. ಅಷ್ಟು ದೊಡ್ಡ ಶಕುನವನ್ನು ಚಹಾದ ಮಟ್ಟಕ್ಕೆ ಇಳಿಸಿದರೆ ಯಾರಿಗೆ ಸಹಿಸುತ್ತದೆ?

ಅದೇ ಕಣ್ಣು ಮಂಜಾಗಲಿ. ‘ಈಗಿನ ಬಲ್ಬಿನ್ಯಾಗ ಕಸುವಿಲ್ರೀ’, ‘ಪೇಪರಿನವರು ಅಕ್ಷರ ಸಣ್ಣ ಮಾಡ್ಯಾರ’. ತಪ್ಪು ವಿದ್ಯುತ್ ಮಂಡಳಿಯದು, ಮುದ್ರಣಾಲಯದ್ದು. ಕಣ್ಣಿನದಂತೂ ಅಲ್ಲವೇ ಅಲ್ಲ.

ನಲವತ್ತು ದಾಟಿದವರ ಚಾಳೀಸಿನ ಕತೆ ಎಲ್ಲರಿಗೂ ಗೊತ್ತು. ಪತ್ರಿಕೆ ಮೊದಲು ಎದೆಯ ಹತ್ತಿರ ಇರುತ್ತದೆ, ಆಮೇಲೆ ಮೊಣಕಾಲಿನ ಹತ್ತಿರ, ಕಡೆಗೆ ಕೈಯೇ ಸಾಲುವುದಿಲ್ಲ. ಕೌದಿ ಹೊಲಿಯುವ ಅಜ್ಜಿ ಸೂಜಿಗೆ ದಾರ ಪೋಣಿಸಲು ಮೊಮ್ಮಗಳ ದಾರಿ ಕಾಯುತ್ತಾಳೆ. ಶಾಲೆ ಬಿಡುವವರೆಗೆ ಕೌದಿ ಬಂದ್. ಇದು ರೋಗವಲ್ಲ, ವಯಸ್ಸು. ಕಣ್ಣೊಳಗಿನ ಮಸೂರ ಬಿಗಿಯಾಗಿ, ಹತ್ತಿರದ್ದನ್ನು ನೋಡಲು ಬಾಗಲೊಲ್ಲೆ ಎನ್ನುತ್ತದೆ. ಓದುವ ಚಷ್ಮಾ ಹಾಕಿದರೆ ಮುಗಿಯಿತು. ಆದರೆ ಆ ಚಷ್ಮಾವನ್ನು ಸಂತೆಯ ಬುಟ್ಟಿಯಲ್ಲಿ ಚಪ್ಪಲಿಯಂತೆ ಹಾಕಿ ನೋಡಿ ಕೊಳ್ಳುವವರಿಗೆ ನನ್ನ ತಕರಾರಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ನಂಬರಿನ ಜೊತೆಗೆ ಕಣ್ಣಿನ ಒತ್ತಡವನ್ನೂ ನೋಡುತ್ತಾರೆ. ಬುಟ್ಟಿಯವ ಅದನ್ನು ನೋಡುವುದಿಲ್ಲ.

ಇದಕ್ಕಿಂತ ಸ್ವಾರಸ್ಯ ಅಜ್ಜಂದಿರದು. ಬಸವನ ಬಾಗೇವಾಡಿ ಕಡೆಯ ಎಪ್ಪತ್ತರ ಅಜ್ಜ ಒಂದು ಮುಂಜಾನೆ ಚಷ್ಮಾ ತೆಗೆದಿಟ್ಟು ಪೇಪರು ಓದತೊಡಗುತ್ತಾನೆ. ಓಣಿಗೆಲ್ಲ ಸುದ್ದಿ! ‘ಬಸವಣ್ಣ ಕಣ್ಣು ಹೊಳ್ಳಿ ಕೊಟ್ಟ ನೋಡ್ರಿ’ ಎಂದು ಮನೆಯಲ್ಲಿ ಹೋಳಿಗೆಯೂ ಆಗುತ್ತದೆ. ಹೋಳಿಗೆ ತಿನ್ನಲು ನನ್ನ ಅಭ್ಯಂತರವಿಲ್ಲ. ಆದರೆ ಅಲ್ಲಿ ಆಗಿರುವುದು ಬೇರೆ. ಮಸೂರದ ನಡುಭಾಗಕ್ಕೆ ಪೊರೆ ಕಟ್ಟುತ್ತ ಕಣ್ಣಿಗೆ ಮೈನಸ್ ನಂಬರು ಬಂದಿರುತ್ತದೆ. ಹತ್ತಿರದ್ದು ಕೆಲಕಾಲ ಸ್ವಚ್ಛ ಕಾಣುತ್ತದೆ, ದೂರದ ಬಸ್ಸಿನ ಬೋರ್ಡು ಅಷ್ಟರಲ್ಲೇ ಮಾಯವಾಗಿರುತ್ತದೆ. ರಾತ್ರಿ ಎದುರು ಬರುವ ಬೈಕಿನ ದೀಪದ ಸುತ್ತ ಪ್ರಭಾವಳಿ ಕಾಣುವುದು, ವರ್ಷಕ್ಕೊಮ್ಮೆ ಚಷ್ಮಾದ ನಂಬರು ಬದಲಾಗುವುದು ಎಲ್ಲ ಮೋತಿಬಿಂದುವಿನ ಲಕ್ಷಣಗಳೇ.

ದವಾಖಾನೆಗೆ ಹೋಗೋಣ ಬಾ ಅಂದರೆ ಅಜ್ಜನ ಉತ್ತರ ಸಿದ್ಧ: ‘ಪೊರಿ ಇನ್ನೂ ಹಣ್ಣಾಗಿಲ್ಲ. ತೊಗರಿ ರಾಶಿ ಮುಗೀಲಿ.’ ತೊಗರಿ ಮುಗಿದರೆ ಬಿಳಿಜೋಳ, ಜೋಳ ಮುಗಿದರೆ ಮದುವೆ, ಮದುವೆ ಮುಗಿದರೆ ಬಿಸಿಲು. ಪೊರೆ ಹಣ್ಣಾಗಲಿ ಎಂದು ಕಾಯುವ ಕಾಲ ಎಂದೋ ಹೋಯಿತು. ಕೆಲಸಕ್ಕೆ ತೊಂದರೆಯಾಗುವಷ್ಟು ಮಂಜಾದರೆ ಅದೇ ಸಮಯ. ಸಣ್ಣ ಸೀಳಿನಿಂದ ಪೊರೆ ತೆಗೆದು ಹೊಸ ಮಸೂರ ಕೂಡಿಸುತ್ತಾರೆ, ಬಹಳ ಜನ ಅಂದೇ ಮನೆಗೆ ಬರುತ್ತಾರೆ. ಅತಿಯಾಗಿ ಹಣ್ಣಾದ ಪೊರೆಯೇ ಸೋರಿ ಕಣ್ಣಿನ ಒತ್ತಡ ಏರಿಸಿ ನೋವು ತರುವುದುಂಟು.

ಇಂಥ ಸಬೂಬು ನಮ್ಮ ಜಿಲ್ಲೆಗೆ ಒಪ್ಪುವಂಥದ್ದೂ ಅಲ್ಲ. ಡಾ. ಎಂ.ಸಿ. ಮೋದಿ ಹುಟ್ಟಿದ್ದು 1916ರಲ್ಲಿ ಬೀಳಗಿಯಲ್ಲಿ. ಅದು ಆಗ ನಮ್ಮ ಬಿಜಾಪುರ ಜಿಲ್ಲೆಯೇ. ಊರೂರಿಗೆ ತಾವೇ ಹೋಗಿ, ಶಾಲೆ, ಛತ್ರಗಳಲ್ಲಿ ಶಿಬಿರ ಹಾಕಿ, ಸಾಲಾಗಿ ಮಲಗಿಸಿದ ಜನರ ಪೊರೆ ತೆಗೆದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ಪುಸ್ತಕದಲ್ಲಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ. ಆ ಮನುಷ್ಯ ಕಣ್ಣು ಹುಡುಕಿಕೊಂಡು ನಾಡೆಲ್ಲ ಅಲೆದರು. ನಮಗೆ ಹಳ್ಳಿಯಿಂದ ತಾಲ್ಲೂಕಿಗೆ ಬಸ್ಸು ಹತ್ತುವುದು ಭಾರ.

ಕಣ್ಣು ಕೆಂಪಾದರೆ ಮಾತ್ರ ನಮಗೆ ಭಾರೀ ಅವಸರ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ಹರಡಿದಾಗ ಕರಿ ಚಷ್ಮಾಗಳಿಗೆ ಏನು ಗಿರಾಕಿ! ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆ ಎಂದು ಮುಖ ತಿರುಗಿಸಿ ನಡೆದವರೇ ಹ್ಯಾಂಡ್‌ಶೇಕ್ ಮಾಡಿದರು, ಒಂದೇ ಟವೆಲ್ಲಿನಲ್ಲಿ ಮುಖ ಒರೆಸಿದರು. ಅದು ನೋಟದಿಂದ ಹಬ್ಬುವುದಿಲ್ಲ, ಕೈಯಿಂದ ಹಬ್ಬುತ್ತದೆ. ಪಿಸರು ಬಂದು ರೆಪ್ಪೆ ಅಂಟಿಕೊಂಡು ಕಣ್ಣು ಚುರುಗುಟ್ಟಿದರೂ ನೋಟ ಸರಿಯಿದ್ದರೆ ಸಾಮಾನ್ಯವಾಗಿ ವಾರ, ಎರಡು ವಾರದಲ್ಲಿ ಇಳಿಯುತ್ತದೆ. ಕೆಂಪಿನ ಜೊತೆಗೆ ಒಳನೋವು, ಬೆಳಕು ನೋಡಲಾಗದಿರುವುದು, ನೋಟ ಮಸುಕಾಗುವುದು ಸೇರಿದರೆ ಅದನ್ನು ಬರೀ ಮದ್ರಾಸ್ ಐ ಎನ್ನಬೇಡಿ. ಅವತ್ತೇ ಹೋಗಬೇಕು, ರಾಶಿ ಇದ್ದರೂ ಸೈ.

ಹೊಲದ ಮಾತು ಬಂತಲ್ಲ, ಇಲ್ಲಿ ಚೇಷ್ಟೆ ಸ್ವಲ್ಪ ಕಡಿಮೆ ಮಾಡುತ್ತೇನೆ. ಸಿಂದಗಿಯ ಕಬ್ಬಿನ ಗರಿ ಕಣ್ಣಿಗೆ ಸವರುತ್ತದೆ. ಇಂಡಿಯಲ್ಲಿ ಲಿಂಬೆ ಹರಿಯುವಾಗ ಮುಳ್ಳು ತಾಗುತ್ತದೆ. ಕರಿಗುಡ್ಡೆಯ ಮೇಲೆ ಕೂದಲೆಳೆಯಷ್ಟು ಗೀರು. ಮನೆಮದ್ದಿನ ಮೆರವಣಿಗೆ ಆಗ ಶುರು: ಒಬ್ಬಳು ನಾಲಿಗೆಯಿಂದ ಕಸ ತೆಗೆಯುವವಳು, ಒಬ್ಬಳು ಎದೆಹಾಲು ಹಿಂಡುವವಳು, ಇನ್ನೊಬ್ಬ ಹರಳೆಣ್ಣೆಯವ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಮಾತಿನಲ್ಲಿ ಚೆಂದ ಕಣ್ರೀ! ಕಡೆಗೆ ಮೆಡಿಕಲ್ ಅಂಗಡಿಯ ಡ್ರಾಪ್ಸ್. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಎರಡು ದಿನಕ್ಕೆ ಇಳಿದು ‘ಭಾಳ ಛಲೋ ಔಷಧ’ ಎನಿಸುತ್ತದೆ. ಒಳಗೆ ಗರಿಯ ಜೊತೆ ಹೋದ ಬೂಷ್ಟು ಅದೇ ಔಷಧದಿಂದ ಕೊಬ್ಬುತ್ತದೆ. ಕರಿಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಂಡು ದವಾಖಾನೆಗೆ ಓಡುವ ಹೊತ್ತಿಗೆ ಹುಣ್ಣು ಆಳಕ್ಕೆ ಇಳಿದಿರುತ್ತದೆ. ವಾಸಿಯಾದರೂ ಹೂವು ಬಿದ್ದು ಉಳಿಯುತ್ತದೆ.

ಇನ್ನೊಂದು ಶತ್ರು ಅಂಗಿಯ ಜೇಬಿನಲ್ಲೇ ಇದೆ, ತಂಬಾಕಿನ ಜೊತೆಯ ಸುಣ್ಣದ ಪೊಟ್ಟಣ. ಅಪ್ಪ ಕಟ್ಟೆಯ ಮೇಲೆ ಇಟ್ಟಿರುತ್ತಾನೆ, ಮಗು ಹಿಚುಕುತ್ತದೆ, ಸುಣ್ಣ ಚಿಮ್ಮಿ ನೇರ ಕಣ್ಣಿಗೆ. ಸುಣ್ಣ ಕಣ್ಣನ್ನು ಸುಡುತ್ತ ಒಳಗಿಳಿಯುತ್ತದೆ. ಆಗ ಗಾಡಿ ಹುಡುಕಬೇಡಿ, ಮೊದಲು ನೀರು ಹುಡುಕಿ. ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಸ್ವಚ್ಛ ನೀರು ಹುಯ್ಯುತ್ತಲೇ ಇರಿ, ಆಮೇಲೆ ಓಡಿ.

ಮಕ್ಕಳ ವಿಷಯದಲ್ಲಿ ನಮ್ಮದು ವಿಚಿತ್ರ ಹೆಮ್ಮೆ. ಮೆಳ್ಳೆಗಣ್ಣಿನ ಮಗ ಅದೃಷ್ಟವಂತನಂತೆ. ಚಿಕಿತ್ಸೆ ತಡವಾದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಉಳಿಯುತ್ತದೆ, ಅದೃಷ್ಟ ಅಷ್ಟೇ. ಏಳೆಂಟು ವರ್ಷದೊಳಗೆ ತೋರಿಸಿದರೆ ಫಲ ಹೆಚ್ಚು. ಫೋಟೋದಲ್ಲಿ ಮಗುವಿನ ಒಂದು ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ಯಾರನ್ನೂ ಕೇಳದೆ ಹೊರಡಿ, ಅದು ಕ್ಯಾನ್ಸರ್ ಗಡ್ಡೆಯೂ ಇರಬಹುದು.

ನಾನು ನಿಜವಾಗಿ ಹೆದರುವುದು ಸುಮ್ಮನಿರುವ ಕಣ್ಣಿಗೆ. ಗ್ಲಾಕೋಮಾ ಹೆಚ್ಚಿನವರಿಗೆ ನೋಯುವುದೇ ಇಲ್ಲ. ಅದು ಅಕ್ಕಪಕ್ಕದ ನೋಟವನ್ನು ಅಂಚಿನಿಂದ ಕದಿಯುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ಬಡಿದರೆ ಬಾಗಿಲು ಸಣ್ಣದೆನ್ನುತ್ತೇವೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯುವುದಷ್ಟೇ ಔಷಧದ ಕೆಲಸ. ಸಕ್ಕರೆ ಕಾಯಿಲೆಯದೂ ಇದೇ ಕಳ್ಳ ಹೆಜ್ಜೆ. ಅಂಥವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಒಳಪರದೆ ತೋರಿಸಬೇಕು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಕಾಣುತ್ತದೆ, ಬೈಕು ಓಡಿಸಲು ಮಗನನ್ನು ಕರೆದೊಯ್ಯಿರಿ. ‘ಛಲೋ ಇದ್ದ ಕಣ್ಣು ಕೆಡಿಸಿ ಕಳಿಸ್ಯಾರ’ ಎಂದು ಡಾಕ್ಟರರ ಹೆಸರು ಕೆಡಿಸಬೇಡಿ. ಇನ್ನು ಕಣ್ಣೆದುರು ಏಕಾಏಕಿ ನೊಣಗಳ ಹಿಂಡು ಹಾರಿದಂತೆ, ಮಿಂಚು ಹೊಡೆದಂತೆ, ಪರದೆ ಇಳಿದಂತೆ ಕಂಡರೆ, ಅಥವಾ ಒಂದು ಕಣ್ಣು ನೋವಿಲ್ಲದೆ ಒಮ್ಮೆಲೇ ಕತ್ತಲಾದರೆ, ನಾಳೆ ಎನ್ನುವ ಮಾತೇ ಇಲ್ಲ.

ಈಗ ಒಂದು ಸಣ್ಣ ಕೆಲಸ ಮಾಡಿ. ಬಲಗಣ್ಣು ಮುಚ್ಚಿ ಎದುರಿನ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿ, ಆಮೇಲೆ ಎಡಗಣ್ಣು ಮುಚ್ಚಿ ಓದಿ. ಒಂದು ಕಣ್ಣು ಹೋಗಿ ಎಷ್ಟೋ ತಿಂಗಳಾಗಿದ್ದರೂ ಇನ್ನೊಂದು ದುಡಿಯುತ್ತಿರುವುದರಿಂದ ಗೊತ್ತೇ ಆಗದವರು ನಮ್ಮಲ್ಲಿ ಬಹಳ ಮಂದಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಬಲ್ಬು ಬದಲಿಸಬೇಡಿ, ನಾಳೆ ಬೆಳಗಿನ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ.